ಅಪ್ಪನ ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದರೆ ನುಡಿ ಫೈಲ್‌ಗಳ ಗತಿ ಏನು?

ಪ್ರಶ್ನೆ (ಮಲ್ಲೇಶ್ವರದಿಂದ): ಸರ್, ಅಪ್ಪನ ಲ್ಯಾಪ್‌ಟಾಪ್ 2015ರದ್ದು. ಐ3, 4 ಜಿಬಿ ರ‍್ಯಾಮ್. ವಿಂಡೋಸ್ 11 ಹಾಕಲು ಆಗಲ್ಲ ಅಂತ ತೋರಿಸುತ್ತಿದೆ. ಎಸ್‌ಪಿ ರೋಡ್‌ನ ಕಂಪ್ಯೂಟರ್ ಅಂಗಡಿಯಲ್ಲಿ ವಿಚಾರಿಸಿದರೆ ಹೊಸದೇ ತಗೊಳ್ಳಿ ಅಂದರು. ಅಪ್ಪ ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯಲ್ಲಿ ಬರೆಯುತ್ತಾರೆ. ಅಮ್ಮ ಯೂಟ್ಯೂಬ್ ನೋಡುತ್ತಾರೆ, ಕರೆಂಟ್ ಬಿಲ್ ಕಟ್ಟುತ್ತಾರೆ. ಇಬ್ಬರಿಗೂ ಎಪ್ಪತ್ತರ ಹತ್ತಿರ. ಈ ಭಾನುವಾರ ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಬಿಡಲಾ?

ಉತ್ತರ: ಹಾಕಿ, ಆದರೆ ಈ ಭಾನುವಾರ ಬೇಡ. ನಿಮ್ಮ ಲ್ಯಾಪ್‌ಟಾಪ್ ಕೆಟ್ಟಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ 8ನೇ ತಲೆಮಾರಿನ ಪ್ರೊಸೆಸರ್ ಬೇಕು. ನಿಮ್ಮದು ಅದಕ್ಕಿಂತ ಹಳೆಯದು, ಅಷ್ಟೇ. ವಿಂಡೋಸ್ 10ರ ಮಾಮೂಲಿ ಬೆಂಬಲ (ಸುರಕ್ಷತಾ ಅಪ್‌ಡೇಟ್ ಕೊಡುವುದು) 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಮ್ಮ ಅದರಲ್ಲೇ ಹಣ ಕಟ್ಟುತ್ತಾರಲ್ವಾ, ಹಾಗಾಗಿ ಬದಲಾಯಿಸುವುದು ಒಳ್ಳೆಯದೇ.

ಎಷ್ಟೋ ಮನೆಗಳಲ್ಲಿ ಇದನ್ನು ಮಾಡಿ ನಾನು ಕಂಡುಕೊಂಡಿದ್ದು ಒಂದೇ. ಮೊದಲು ಸಿಸ್ಟಮ್ ಮುಟ್ಟಬೇಡಿ, ಅವರು ದಿನಾ ತೆರೆಯುವ ಪ್ರೋಗ್ರಾಂ ಬದಲಾಯಿಸಿ. ಈಗಿರುವ ವಿಂಡೋಸ್‌ನಲ್ಲೇ ಇಂಟರ್ನೆಟ್‌ಗೆ ಫೈರ್‌ಫಾಕ್ಸ್, ಬರವಣಿಗೆಗೆ ಲಿಬ್ರೆಆಫೀಸ್, ವಿಡಿಯೋಗೆ ವಿಎಲ್‌ಸಿ ಹಾಕಿಕೊಡಿ. ಒಂದು ತಿಂಗಳು ಬಳಸಲಿ. ಲಿನಕ್ಸ್‌ನಲ್ಲೂ ಇವೇ ಸಿಗುತ್ತವೆ. ಆಮೇಲೆ ಅಡಿಪಾಯ ಬದಲಾದರೂ ಅವರು ಒತ್ತುವ ಐಕಾನ್ ಅದೇ ಆಗಿರುತ್ತದೆ.

ಅದಾದ ಮೇಲೆ, ಇನ್‌ಸ್ಟಾಲ್ ಮಾಡುವ ಮೊದಲು, ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ (ಹಳೆ ಮಷೀನ್‌ಗೆ ಹಗುರವಾದ ಲಿನಕ್ಸ್) ಚಲಾಯಿಸಿ ವೈಫೈ, ಸೌಂಡ್, ಪ್ರಿಂಟರ್ ನೋಡಿ. ಕೆಲವು ಹಳೆ ಲೇಸರ್ ಪ್ರಿಂಟರ್‌ಗಳು ಇಲ್ಲೇ ಕೈಕೊಡುತ್ತವೆ.

ಮರುಪ್ರಶ್ನೆ: ಅಪ್ಪನ ಹತ್ತು ವರ್ಷದ ಬರಹವೆಲ್ಲ ಹಳೆ ನುಡಿ ಫಾಂಟ್‌ನಲ್ಲಿದೆ ಸರ್. ಅದೇ ಭಯ. ತಮ್ಮ ಆಗಾಗ ಇದರಲ್ಲೇ ಲೆಕ್ಕಪತ್ರದ ಟ್ಯಾಲಿ ಕೂಡ ತೆರೆಯುತ್ತಾನೆ.

ಉತ್ತರ: ಟ್ಯಾಲಿ ಇರುವುದು ವಿಂಡೋಸ್‌ಗೆ. ತಮ್ಮ ಬೇರೆ ಮಷೀನ್ ನೋಡಿಕೊಳ್ಳಲಿ.

ನುಡಿಯ ವಿಷಯ ಮಾತ್ರ ಸಮಾಧಾನವಾಗಿ ಮಾಡಿ. ಹಳೆ ಫೈಲ್ ಒಳಗೆ ಇರುವುದು ನಿಜವಾಗಿ ಕನ್ನಡ ಅಕ್ಷರವಲ್ಲ, ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ. ಅದನ್ನು ಕನ್ನಡವಾಗಿ ತೋರಿಸುವುದು ಫಾಂಟ್. ಫಾಂಟ್ ಇಲ್ಲದಿದ್ದರೆ ಬರೀ ಗೋಜಲು. ಆದ್ದರಿಂದ ವಿಂಡೋಸ್ ಇರುವಾಗಲೇ ಎಲ್ಲವನ್ನೂ ಪರಿವರ್ತಕ ತಂತ್ರಾಂಶದಲ್ಲಿ ಹಾಕಿ, ಯಾವ ಕಂಪ್ಯೂಟರ್‌ನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ತನ್ನಿ. ಮೂಲ ಫೈಲ್ ಅಳಿಸಬೇಡಿ. ಅರ್ಕಾವತ್ತು, ಒತ್ತಕ್ಷರ ಇರುವ ಕಡೆ ಕಣ್ಣಾಡಿಸಿ. ನಡುವೆ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸ ಇದ್ದರೆ ಅವೂ ತಪ್ಪಾಗಿ ಕನ್ನಡ ಅಕ್ಷರ ಆಗಿಬಿಡುತ್ತವೆ. ಅಪ್ಪನ ಜೊತೆ ಕೂತೇ ಮಾಡಿ, ಅವರ ಬರಹದ ತಪ್ಪು ಅವರಿಗೇ ಬೇಗ ಕಾಣುತ್ತದೆ.

ಟೈಪಿಂಗ್‌ಗೆ ಚಿಂತೆ ಬೇಡ. ನುಡಿಯ ಕಗಪ ಕೀಲಿಮಣೆ (ಅಕ್ಷರಗಳ ಕೀ ಜೋಡಣೆ) ಲಿನಕ್ಸ್‌ನಲ್ಲೂ ಇದೆ. ಕೀಬೋರ್ಡ್ ಸೆಟ್ಟಿಂಗ್‌ನಲ್ಲಿ ಸೇರಿಸಿದರಾಯಿತು.

ಕೊನೆಗೆ ಒಂದು ಮಾತು. ಲ್ಯಾಪ್‌ಟಾಪ್‌ನಲ್ಲಿ ಇನ್ನೂ ಹಾರ್ಡ್ ಡಿಸ್ಕ್ ಇದ್ದರೆ ತೆಗೆಸಿ, ಅದಕ್ಕಿಂತ ವೇಗವಾದ ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಅದರ ಮೇಲೆ ಹಾಕಿ. ವೇಗ ಜಾಸ್ತಿಯಾಗುವುದು ಅದರಿಂದಲೇ. ಹಳೆ ಡಿಸ್ಕನ್ನು ವಿಂಡೋಸ್ ಸಮೇತ ಬೀರುವಿನಲ್ಲಿಡಿ. ಅಪ್ಪನಿಗೆ ಹಿಡಿಸದಿದ್ದರೆ ಅದನ್ನೇ ವಾಪಸ್ ಹಾಕಿಕೊಡಬಹುದು.