ರೀಡಿಂಗ್ ಯಾಕ ತೂಗಾಡತೈತಿ? ಮೆಮ್ಸ್ ಸೆನ್ಸರ್ ಪ್ರಶ್ನೋತ್ತರ

ಅಡ್ಮಿನ್: ಮೆಮ್ಸ್ ಅಂದ್ರ ಸಿಲಿಕಾನ್ ಚಿಪ್ಪಿನೊಳಗ ಅಲುಗೋ ಸಣ್ಣ ಭಾಗ ಇರೂ ಸೆನ್ಸರ್. ಆಕ್ಸೆಲರೋಮೀಟರ್ (ಕಂಪನ, ವಾಲಿಕೆ ಅಳೆಯೂದು), ಮೈಕ್, ಪ್ರೆಶರ್ ಸೆನ್ಸರ್ ಬಗ್ಗೆ ಇನ್‌ಸ್ಟ್ರುಮೆಂಟೇಶನ್ ಎಂಜಿನಿಯರ್ ಮೇಡಂ ಇವತ್ತ ಉತ್ತರಾ ಕೊಡ್ತಾರ. ಯಾವ ಬೋರ್ಡು, ಸೆಕೆಂಡಿಗೆ ಎಷ್ಟು ಸಲ ಓದ್ತೀರಿ, ಹೆಂಗ ಹಚ್ಚೀರಿ, ಮೂರೂ ಬರೀರಿ.

ಧಾರವಾಡ, ಡಿಪ್ಲೊಮಾ ವಿದ್ಯಾರ್ಥಿ: ಎಡಿಎಕ್ಸ್‌ಎಲ್335 ಆಕ್ಸೆಲರೋಮೀಟರ್ ಆರ್ಡುಯಿನೋ ಊನೋ ಬೋರ್ಡಿಗೆ ಹಚ್ಚೇನ್ರಿ ಮೇಡಂ. ಟೇಬಲ್ ಮ್ಯಾಲೆ ಸುಮ್ನ ಇಟ್ರೂ ನಾಕೈದು ಅಂಕಿ ಕುಣೀತದ. ವಾಲಿಕೆ ಅಳೀಬೇಕು.

ಮೇಡಂ: ಸೆನ್ಸರ್ 3.3 ವೋಲ್ಟಿನ ಮ್ಯಾಲೆ, ಊನೋದ ಎಡಿಸಿ (ವೋಲ್ಟೇಜನ್ನ ಅಂಕಿ ಮಾಡೋ ಭಾಗ) 5 ವೋಲ್ಟಿನ ಮ್ಯಾಲೆ. ಈ ಸೆನ್ಸರಿನ ಔಟ್‌ಪುಟ್ ತನ್ನ ಸಪ್ಲೈ ಹಿಂದನ ಏರಿಳೀತದ. ಎರಡಕ್ಕೂ ಒಂದ ರೆಫರೆನ್ಸ್ (ಹೋಲಿಸಿ ಅಳೆಯೋ ವೋಲ್ಟೇಜ್) ಕೊಟ್ರ ಸಪ್ಲೈ ಗದ್ದಲ ಬಹಳಷ್ಟು ಅಲ್ಲೇ ವಜಾ. 3.3 ಪಿನ್ನಿಂದ ಎರೆಫ್ ಅನ್ನೋ ರೆಫರೆನ್ಸ್ ಪಿನ್ನಿಗೆ ವೈರ್ ಹಾಕ್ರಿ. ಕೋಡಿನ್ಯಾಗ ಮೊದಲು ಎಕ್ಸ್‌ಟರ್ನಲ್ ರೆಫರೆನ್ಸ್, ಆಮ್ಯಾಲೆ ಅನಲಾಗ್ ರೀಡ್. ಉಲ್ಟಾ ಮಾಡಿದ್ರ ಒಳಗಿನ ರೆಫರೆನ್ಸಿಗೂ ನಿಮ್ಮ ವೈರಿಗೂ ಶಾರ್ಟ್ ಆಗ್ತದ. ಔಟ್‌ಪುಟ್ ಪಿನ್ನಿಗೆ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಇದ್ರ 50 ಹರ್ಟ್ಸ್‌ತನಕ ಬಿಡ್ತದ, 1 ಮೈಕ್ರೋಫ್ಯಾರಡ್ ಹಾಕಿದ್ರ 5 ಹರ್ಟ್ಸ್. ವಾಲಿಕೆಗೆ ಅಷ್ಟು ಸಾಕು.

ಬ್ಯಾಡಗಿ: ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ್ಯಾಗ ಬಿಎಂಇ280 ಆರ್ದ್ರತೆ ಸೆನ್ಸರ್ ಹಾಕೇವ್ರಿ. ಬಾಗಲಾ ತಗದಾಗೊಮ್ಮೆ ಆರ್ದ್ರತೆ 100ಕ್ಕ ಹೋಗಿ ಕುಂದರತೈತಿ, ತಾಸುಗಟ್ಟಲೆ ಇಳಿಯಂಗಿಲ್ಲ. ಏನ್ ಮಾಡೂದು?

ಹುಬ್ಬಳ್ಳಿ, ಗೋಕುಲ ರೋಡ್ ಫೌಂಡ್ರಿ: ಬ್ಲೋವರಿನ 5 ಎಚ್‌ಪಿ ಮೋಟರ್ ಐತ್ರಿ, 1440 ಆರ್‌ಪಿಎಂ, ವೇಗ ಬದಲಿಸೂ ಡ್ರೈವ್ ಇಲ್ಲ, ಸೀದಾ ಲೈನಿಗೆ. ಎಂಪಿಯು6050 (ಆಕ್ಸೆಲರೋಮೀಟರ್ ಮತ್ತ ತಿರುಗಾಟ ಅಳೆಯೂ ಗೈರೋ ಎರಡೂ ಇರೂ ಚಿಪ್) ಮಾಡ್ಯೂಲನ್ನ ಫೋಮಿನ ಡಬಲ್ ಟೇಪಿನಿಂದ ಬೇರಿಂಗ್ ಕವರಿಗೆ ಅಂಟಿಸೇವಿ. ಇಎಸ್‌ಪಿ32 ಬೋರ್ಡಿನ್ಯಾಗ ಟೈಮರ್ ಇಟ್ಟು ಸೆಕೆಂಡಿಗೆ ಬರೋಬ್ಬರಿ 100 ಸಲ ಓದತೇವಿ. ಮೋಟರ್ ಓಡುವಾಗ ರೀಡಿಂಗ್ 10-15 ಸೆಕೆಂಡಿಗೊಮ್ಮೆ ನಿಧಾನಕ ಏರಿ ಇಳಿತೈತಿ. ಬಂದ್ ಮಾಡಿದ್ರ ಸಪಾಟ. ರಿವೈಂಡಿಂಗ್‌ನವರು ಬೇರಿಂಗ್ ಹೋಗೈತಿ ಅಂತಾರ. ಇದಕ್ಕ ಕಂಪನ ಹೆಚ್ಚಾದ್ರ ಮೋಟರ್ ತಾನ ಬಂದ್ ಮಾಡೂ ಟ್ರಿಪ್ ರಿಲೇ ಹಚ್ಚೂ ವಿಚಾರ ಐತಿ.

ಗದಗ: ಕಾಲ್ಮನ್ ಫಿಲ್ಟರ್ (ಕೋಡಿನ್ಯಾಗ ಗದ್ದಲ ಸೋಸೂ ಲೆಕ್ಕ) ಹಾಕ್ರಿ, ಮುಗೀತು.

ಮೇಡಂ: ಫೌಂಡ್ರಿಯವ್ರ, ರಿಲೇ ಸದ್ಯ ಹಚ್ಚಬ್ಯಾಡ್ರಿ. ಈ ತೂಗಾಟ ಮೋಟರಿನ್ಯಾಗ ಇರಲಿಕ್ಕೇ ಇಲ್ಲ, ನೀವು ಓದೋ ರೀತಿಯಿಂದ ಹುಟ್ಟೇದ.

50 ಹರ್ಟ್ಸ್ ಲೈನಿನ ಮೋಟರಿನ ಸ್ಟೇಟರ್ ಸೆಕೆಂಡಿಗೆ 100 ಸಲ ಕಂಪಿಸ್ತದ. ನೀವೂ 100 ಸಲ ಓದ್ತೀರಿ. ಹಂಗಾಗಿ ಪ್ರತಿ ಸಲ ಅಲೆಯ ಹೆಚ್ಚುಕಮ್ಮಿ ಅದ ಜಾಗಾ ನಿಮ್ಮ ಕೈಗೆ ಸಿಗ್ತದ. ಗ್ರಿಡ್ 49.95 ಹರ್ಟ್ಸ್ ಇದ್ರ ಕಂಪನ 99.9, ವ್ಯತ್ಯಾಸ 0.1, ಅಂದ್ರ 10 ಸೆಕೆಂಡಿಗೊಂದು ಸುಳ್ಳು ಅಲೆ. ಗ್ರಿಡ್ ಒಂಚೂರು ಸರಿದ್ರ ಅದ 15 ಸೆಕೆಂಡ್ ಆಗ್ತದ. ಪರೀಕ್ಷೆ ಸರಳ ಅದ. ಟೈಮರ್ 90ಕ್ಕ ಇಡ್ರಿ. ತೂಗಾಟ ಖರೇ ಇದ್ರ ಹಂಗ ಇರ್ತದ, ಸುಳ್ಳಿದ್ರ ಹೋಗಿ ಅದರ ಬದಲಿ 10 ಹರ್ಟ್ಸ್ ಕಾಣಿಸ್ತದ.

ಹಿಂಗ ಮಡಚಿಕೊಂಡು ಬಂದದ್ದನ್ನ ಆಮ್ಯಾಲೆ ಯಾವ ಕಾಲ್ಮನ್ನೂ ತಗಿಯೂದಿಲ್ಲ, ಸರಾಸರಿನೂ ತಗಿಯೂದಿಲ್ಲ. ಅದಕ್ಕ ಅದು ಖರೇ ಸಿಗ್ನಲ್ ಇದ್ದಂಗ. ತಡೀಬೇಕಾದ್ದು ಓದೂಕಿಂತ ಮೊದಲ. ಚಿಪ್ಪಿನ ಸೆಟ್ಟಿಂಗ್ ಇರೋ ರಿಜಿಸ್ಟರ್ ಹೆಕ್ಸ್ 1ಎ (ಹೆಕ್ಸ್ ಅಂದ್ರ ಹದಿನಾರರ ಲೆಕ್ಕದ ಅಂಕಿ) ಒಳಗ ಸೊನ್ನೆ ಇದ್ರ ಫಿಲ್ಟರ್ 260 ಹರ್ಟ್ಸ್‌ತನಕ ಬಾಗಲಾ ತಗದಿರ್ತದ. ಅಲ್ಲಿ 1 ಬರೀರಿ, 184 ಆಗ್ತದ. ಹೆಕ್ಸ್ 19ರಾಗ 0, ಐ2ಸಿ (ಚಿಪ್ಪು-ಬೋರ್ಡು ಮಾತಾಡೋ ಲೈನು) 400 ಕಿಲೋಹರ್ಟ್ಸ್, ಡೇಟಾ ರೆಡಿ ಇಂಟರಪ್ಟ್ (ಹೊಸ ರೀಡಿಂಗ್ ತಯಾರಂತ ಚಿಪ್ ಕೊಡೋ ಸೂಚನೆ) ಮ್ಯಾಲೆ ಸೆಕೆಂಡಿಗೆ 1000 ಸಲ ಓದ್ರಿ. ಓದಿದಂಗ ಸೀರಿಯಲ್ಲಿಗೆ ಪ್ರಿಂಟ್ ಮಾಡಬ್ಯಾಡ್ರಿ, ಓದೂದು ತಪ್ಪಿಹೋಗ್ತದ. 2048 ರೀಡಿಂಗ್ ಮೆಮರಿಯೊಳಗ ತುಂಬಿ ಎಫ್‌ಎಫ್‌ಟಿ (ಯಾವ ಹರ್ಟ್ಸಿನ್ಯಾಗ ಎಷ್ಟು ಕಂಪನ ಅಂತ ಬಿಡಿಸೋ ಲೆಕ್ಕ) ಮಾಡ್ರಿ, ಅರ್ಧ ಹರ್ಟ್ಸ್ ಬಿಡಿಸಿ ಕಾಣಸ್ತದ.

ಇನ್ನ ಆ ಟೇಪ್. ಫೋಮ್ ಸ್ಪ್ರಿಂಗ್ ಆಗಿ ಕೆಲಸಾ ಮಾಡ್ತದ: ಮ್ಯಾಲಿನ ಕಂಪನ ನುಂಗ್ತದ, ನಡುವ ತಂದೊಂದು ಕುಣಿತ ಸೇರಸ್ತದ. ಒಂದಿಂಚಿನ ಅಲ್ಯೂಮಿನಿಯಂ ತುಂಡಿಗೆ ಎಂ3 ಸ್ಕ್ರೂನಿಂದ ಮಾಡ್ಯೂಲ್ ಬಿಗಿದು, ತುಂಡನ್ನ ಪೇಂಟ್ ಕೆರೆದ ಕಬ್ಬಿಣಕ್ಕ ಎಪಾಕ್ಸಿಯಿಂದ ತೆಳ್ಳಗ ಕೂಡಸ್ರಿ. ವೈರನ್ನ ಅದ ತುಂಡಿಗೆ ಕಟ್ರಿ, ಇಲ್ಲಂದ್ರ ವೈರಿನ ಜೋಲಾಟನೂ ಬೋರ್ಡಿಗೆ ಬರ್ತದ.

ಬೇರಿಂಗಿಂದು: 9 ಗುಂಡಿನ ಬೇರಿಂಗ್ ಇದ್ರ ಹೊರಗಿನ ರಿಂಗಿನ ಪೆಟ್ಟು 0.4 (ಅಂದಾಜು ಗುಣಕ) × 9 ಗುಂಡು × ಸೆಕೆಂಡಿಗೆ 24 ಸುತ್ತು, ಸುಮಾರು 86 ಹರ್ಟ್ಸಿಗೆ ಬರ್ತದ. ಆದ್ರ ಅದು ಕೆಟ್ಟ ಮ್ಯಾಲಿನ ಮಾತು. ಕೆಡೂಕ ಹತ್ತಿದಾಗಿನ ಸಪ್ಪಳ ಕಿಲೋಹರ್ಟ್ಸಿನ್ಯಾಗ ಇರ್ತದ, ಈ ಚಿಪ್ಪಿಗೆ ಕಾಣೂದಿಲ್ಲ. ಅದಕ್ಕ 11 ಕಿಲೋಹರ್ಟ್ಸ್‌ತನಕ ನೋಡೋ ಎಡಿಎಕ್ಸ್‌ಎಲ್1002 ಬೇಕು.

ಬೆಟಗೇರಿ, ಪವರ್‌ಲೂಮ್: ಐಎನ್‌ಎಂಪಿ441 ಮೈಕಿನ ತೂತಿನ್ಯಾಗ ನೂಲಿನ ಧೂಳ ಕುಂತೈತ್ರಿ. ಕಂಪ್ರೆಸರ್ ಗಾಳಿ ಹೊಡೀಲ್ಯಾ?

ಮೇಡಂ: ಬ್ಯಾಡ. ಒಳಗಿನ ಪೊರೆ ಹರೀತದ. ಹೊಸ ಮೈಕ್ ಹಾಕಿ ತೂತಿನ ಮುಂದ ಪಿಟಿಎಫ್‌ಇ (ಟೆಫ್ಲಾನ್) ಜಾಳಿಗಿ ಅಂಟಸ್ರಿ.

ಗದಗ: ಫಾರ್ವರ್ಡ್ ಬಂದೈತಿ: "ಸೆನ್ಸರ್ ನಾಯ್ಸ್ ಬಂದ್ರ ಬೋರ್ಡನ್ನ ಮೊಬೈಲ್ ರಿಪೇರಿ ಅಂಗಡಿ ಅಲ್ಟ್ರಾಸಾನಿಕ್ ಕ್ಲೀನರಿನ್ಯಾಗ 3 ನಿಮಿಷ ಇಡ್ರಿ, ಚಿಪ್ ಮ್ಯಾಲೆ ಹಾಟ್ ಗ್ಲೂ ಹಾಕ್ರಿ."

ಮೇಡಂ: ಇದನ್ನ ಯಾರೂ ಮಾಡಬ್ಯಾಡ್ರಿ. ಚಿಪ್ಪಿನೊಳಗ ತೂಗೋ ಸಿಲಿಕಾನ್ ತುಂಡು ಅದ, ಅಲ್ಟ್ರಾಸಾನಿಕ್ ಕಂಪನಕ್ಕ ಅದು ಮುರೀಬಹುದು, ಅಂಟಿಕೊಂಡು ಕೂಡಬಹುದು. ಗ್ಲೂ ಆರಿ ಕುಗ್ಗಿದಾಗ ಪ್ಯಾಕೇಜನ್ನ ಎಳೀತದ, ಶೂನ್ಯ ಸರೀತದ, ಬಿಸಿಲು-ನೆರಳಿಗೆ ಮತ್ತ ಸರೀತದ. ಫಾರ್ವರ್ಡ್ ಮಾಡೂಕಿಂತ ಮೊದಲು ಡೇಟಾಶೀಟ್ ತಗದು ನೋಡ್ರಿ.

ಗದಗ: ಬಂದದ್ದು ಹಾಕಿದ್ನಿ. ನಂಗ್ಯಾಕ ಬೈತೀರಿ?

ಹಾವೇರಿ: ಸಮಸ್ಯೆ ಇರೂದ ಚಿಪ್ಪಿನ್ಯಾಗ. ಪ್ಯಾಟ್ಯಾಗ ಸಿಗೂ 6050 ಎಲ್ಲಾ ಡುಪ್ಲಿಕೇಟ್.

ಗದಗ: ಎಲ್ಲಾ ಅಂದ್ರ ಹೆಂಗ್ರಿ? ನಂದು ಹೂ-ಆಮ್-ಐ ರಿಜಿಸ್ಟರ್ (ಚಿಪ್ಪಿನ ಗುರುತಿನ ಅಂಕಿ) ಸರಿ ಹೆಕ್ಸ್ 68 ಕೊಡತೈತಿ.

ಹಾವೇರಿ: 68 ಬಂದ ಮಾತ್ರಕ್ಕ ಒರಿಜಿನಲ್ ಅನ್ನಾಕ ಆಗಂಗಿಲ್ಲ, ಡುಪ್ಲಿಕೇಟೂ ಅದ ಹೇಳತಾವು.

ಗದಗ: ಹಂಗಾರ ನಿಮ್ಮದು ಹೆಂಗ ಒರಿಜಿನಲ್ ಅಂತ ಗೊತ್ತಾತು? ಬಿಲ್ ಓದಿ?

ಅಡ್ಮಿನ್: ಇಬ್ಬರೂ ಬಿಡ್ರಿ.

ಬ್ಯಾಡಗಿ: ಮೇಡಂ, ನಂದೊಂದು ಪ್ರಶ್ನೆ ಮ್ಯಾಲೆ ಐತ್ರಿ.

ಹುಬ್ಬಳ್ಳಿ, ತಾರಿಹಾಳ: ಮೇಡಂ, ಮಾಡ್ಯೂಲ್ ಟೇಪಿನಿಂದ ಅಂಟಿಸಿದ್ರ ನಡೀತೈತ್ಯಾ?

ಮೇಡಂ: ಮ್ಯಾಲೆ ಓದ್ರಿ.

ಹುಬ್ಬಳ್ಳಿ, ಗೋಕುಲ ರೋಡ್ ಫೌಂಡ್ರಿ: 90ಕ್ಕ ಇಟ್ಟಾಗ ತೂಗಾಟ ಹೋಗಿ 10 ಹರ್ಟ್ಸ್ ಬಂತ್ರಿ. ಆದ್ರ ಹೆಕ್ಸ್ 1ಎಗೆ 6ತನಕ ಏನ್ ಬರದ್ರೂ ಆಕ್ಸೆಲರೋಮೀಟರ್ ಗದ್ದಲ ಒಂಚೂರೂ ಬದಲಾಗವಲ್ದು. ನಮ್ದು ಹೂ-ಆಮ್-ಐ 70.

ಹಾವೇರಿ: ಹೇಳಿದ್ನಿಲ್ಲ?

ಮೇಡಂ: 70 ಅಂದ್ರ ಒಳಗಿರೋದು ಎಂಪಿಯು6500 ಚಿಪ್. ಅದರಾಗ 1ಎ ಬರೇ ಗೈರೋಕ್ಕ, ಆಕ್ಸೆಲರೋಮೀಟರಿನ ಫಿಲ್ಟರ್ ಹೆಕ್ಸ್ 1ಡಿಯೊಳಗ ಬೇರೆ ಅದ. ಎರಡರಾಗೂ 1 ಬರೀರಿ. ಚಿಪ್ ಬದಲಿ ಮಾಡೋ ಅಗತ್ಯ ಇಲ್ಲ, 6050ಕ್ಕಿಂತ ಗದ್ದಲ ಕಡಿಮಿನ.

ಹುಬ್ಬಳ್ಳಿ, ಗೋಕುಲ ರೋಡ್ ಫೌಂಡ್ರಿ: ಹಂಗಾರ ರಿಲೇ ಎಷ್ಟಕ್ಕ ಇಡೂಣ್ರಿ?

ಮೇಡಂ: ಮೊದಲು ಟೇಪ್ ಕಿತ್ತು ತುಂಡು ಕೂಡಸ್ರಿ. 15 ಕಿಲೋವ್ಯಾಟ್ ಒಳಗಿನ ಮಷೀನಿಗೆ ಐಎಸ್‌ಒ 10816-1 ಅನ್ನೋ ಕಂಪನದ ಮಾನದಂಡ (2016ರಾಗ ಇದರ ಜಾಗಾಕ್ಕ 20816-1 ಬಂತು) ಹೇಳ್ತಿದ್ದ ಕಡೀ ಗೆರಿ 4.5 ಮಿಲಿಮೀಟರ್ ಪರ್ ಸೆಕೆಂಡ್ ಆರ್‌ಎಂಎಸ್ (ಒಂದು ಥರದ ಸರಾಸರಿ). ಕಂಪನ ಪೂರಾ 24 ಹರ್ಟ್ಸಿಂದು ಅಂತ ಹಿಡಿದ್ರ ಅದು ಸುಮಾರು 70 ಮಿಲಿ ಜಿ (ಮಿಲಿ ಜಿ ಅಂದ್ರ ಭೂಮಿ ಸೆಳೆತದ ಸಾವಿರದ ಒಂದು ಪಾಲು). ಚಿಪ್ಪಿನ ಸ್ವಂತ ಗದ್ದಲ ಈ ಫಿಲ್ಟರಿನ್ಯಾಗ 5-7 ಮಿಲಿ ಜಿ, ಆದ್ದರಿಂದ ಈ ಗೆರಿ ಹಿಡೀಬಹುದು. ಆದ್ರ ಚೊಲೋ ಮೋಟರಿನ 0.71 ಗೆರಿ 11 ಮಿಲಿ ಜಿ, ಅದನ್ನ ಎಫ್‌ಎಫ್‌ಟಿಯ 24 ಹರ್ಟ್ಸ್ ಗೆರಿಯೊಳಗ ಮಾತ್ರ ನಂಬ್ರಿ. ಮೊದಲು ಅಲಾರಂ ಅಷ್ಟ ಇಡ್ರಿ, ಟ್ರಿಪ್ ಬ್ಯಾಡ. ಮೋಟರ್ ಚಾಲೂ ಆಗುವಾಗಿನ ಮೊದಲ 10 ಸೆಕೆಂಡ್ ಲೆಕ್ಕಕ್ಕ ಹಿಡೀಬ್ಯಾಡ್ರಿ.

ತಾರಿಹಾಳ: ಮ್ಯಾಲೆ ಎಲ್ಲೈತ್ರಿ, ಸಿಗವಲ್ದು.