ಕಡಿಮೆ ಸಿಮೆಂಟಿನ ಗೋಡೆ, ನೀರಿಂಗುವ ಪೇವಿಂಗ್: ಮಾಡಿಸಿದವರು ಅನುಭವ ಹೇಳಿ

ಆರ್ಕಿಟೆಕ್ಟ್ (ಪ್ರಶ್ನೆ)
ಎಲ್ಲರಿಗೂ ನಮಸ್ಕಾರ. ಎರಡು ಅಂತಸ್ತಿನ ಗ್ರಂಥಾಲಯವೊಂದರ ಡ್ರಾಯಿಂಗ್ ಮಾಡುತ್ತಿದ್ದೇನೆ. ಗೋಡೆಯೇ ಭಾರ ಹೊರುವ ಕಟ್ಟಡ, ಮುಂದುಗಡೆ ಕಾರು ನಿಲ್ಲಿಸುವ ಅಂಗಳ. ಮಾಲೀಕರು ಕೇಳಿದ್ದು ಎರಡೇ: ಸಿಮೆಂಟ್ ಆದಷ್ಟು ಕಡಿಮೆ ಇರಲಿ, ಮಳೆನೀರು ಚರಂಡಿ ಸೇರದೆ ಅಲ್ಲೇ ಇಂಗಲಿ. ಅರ್ಧ ಚಾವಣಿಯ ನೀರೂ ಅಂಗಳಕ್ಕೇ ಇಳಿಯುತ್ತದೆ. ಬ್ರೋಷರ್ ಓದಿ ಓದಿ ಸಾಕಾಗಿದೆ, ಎಲ್ಲದರಲ್ಲೂ ಎಲ್ಲವೂ ಚೆನ್ನಾಗಿಯೇ ಇದೆ! ಸಂದಿನಿಂದ ನೀರು ಕೆಳಗಿಳಿಸುವ ಈ ಪೇವಿಂಗ್‌ನ ಸಂದು ಕೆಲವೇ ವರ್ಷಗಳಲ್ಲಿ ಕಸ ತುಂಬಿ ಕಟ್ಟಿಕೊಂಡುಬಿಡುತ್ತದಂತೆ, ಹೌದಾ? ಕೆಳಗೆ ಜಲ್ಲಿ ಎಷ್ಟು ದಪ್ಪ ಬೇಕು? ಗೋಡೆಗೆ ಸುಡದೆ ಒತ್ತಿ ಮಾಡಿದ ಮಣ್ಣಿನ ಬ್ಲಾಕೋ, ಸುಟ್ಟ ಇಟ್ಟಿಗೆಯೋ? ಗಾರೆ ಯಾವುದು? ಮಾಡಿಸಿ ನೋಡಿದವರು ದಯವಿಟ್ಟು ಹೇಳಿ.

ಪೇವಿಂಗ್ ಗುತ್ತಿಗೆದಾರ
ಕಟ್ಟಿಕೊಳ್ಳುತ್ತದೆ ಮೇಡಂ. ಆದರೆ ಕಿತ್ತು ನೋಡಿದ ಕಡೆಯೆಲ್ಲ ಕಟ್ಟಿಕೊಂಡಿದ್ದು ಸಂದಿನ ಮೇಲ್ಭಾಗದ ಒಂದೆರಡು ಸೆಂಟಿಮೀಟರ್ ಮಾತ್ರ. ಅದರ ಕೆಳಗಿನ ಜಲ್ಲಿ ಹಾಕಿದ ದಿನದ ಹಾಗೇ ಇರುತ್ತದೆ. ಹಾಗಾಗಿ ಅದು ಗುಡಿಸಿ ಹೀರಿ ತೆಗೆಯಬಹುದಾದ ಕಾಯಿಲೆ. ವಾಸಿಯಾಗದ ಕಾಯಿಲೆ ಬೇರೆ, ಅದು ಕಟ್ಟುವಾಗಲೇ ತಗಲುತ್ತದೆ.

ಪೇವರ್ (ಮೇಲೆ ಜೋಡಿಸುವ ಬಿಲ್ಲೆ) ಬರೀ ಮುಚ್ಚಳ. ನೀವು ಡಿಸೈನ್ ಮಾಡುತ್ತಿರುವುದು ನೆಲದೊಳಗಿನ ಒಂದು ತೊಟ್ಟಿಯನ್ನು ಅಂದುಕೊಳ್ಳಿ. ಕಾರು ಓಡಾಡುವ ಕಡೆ ನಾವು ಹಾಕುವುದು ಹೀಗೆ: ಮೇಲೆ 80 ಮಿ.ಮೀ. ಪೇವರ್, ಹೆರಿಂಗ್‌ಬೋನ್ ಜೋಡಣೆಯಲ್ಲಿ (ಓರೆಕೋರೆಯಾಗಿ, ಒಂದಕ್ಕೊಂದು ಕಚ್ಚುವಂತೆ). ಅದರ ಕೆಳಗೆ 50 ಮಿ.ಮೀ. ದಪ್ಪಕ್ಕೆ ಸಣ್ಣ ಕಲ್ಲಿನ ಚಿಪ್ಸ್. ಅದೇ ಚಿಪ್ಸ್ ಸಂದಿಗೂ, ಸಂದು ಕಿರಿದಾದರೆ ಇನ್ನೂ ಸಣ್ಣದು. ಆಮೇಲೆ 100 ಮಿ.ಮೀ. ದಪ್ಪಕ್ಕೆ 20 ಮಿ.ಮೀ. ಆಸುಪಾಸಿನ ಜಲ್ಲಿ. ಎಲ್ಲಕ್ಕಿಂತ ಕೆಳಗೆ 40ರಿಂದ 60 ಮಿ.ಮೀ.ನ ದಪ್ಪ ಜಲ್ಲಿ, ಈ ಪದರದ ದಪ್ಪವೇ ಲೆಕ್ಕ ಹಾಕಬೇಕಾದದ್ದು. ಎಲ್ಲವೂ ಒಡೆದ, ಮೂಲೆಯಿರುವ, ತೊಳೆದ ಕಲ್ಲು. ಉರುಟು ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ, ಚಕ್ರದ ಕೆಳಗೆ ಜಾರುತ್ತದೆ.

ಕೆಲಸ ಕೆಡುವುದು ಮರಳಿನಿಂದ. ಮಾಮೂಲಿ ಪೇವರ್ ಹಾಕಿ ಕೈ ಪಳಗಿದ ಹುಡುಗರು ನೀವು ಬೆನ್ನು ತಿರುಗಿಸಿದರೆ ಸಾಕು, ಕೆಳಗೆ ಮರಳು ಹರಡಿ ಮೇಲೆ ಜಲ್ಲಿಪುಡಿ ಗುಡಿಸಿ ಸಂದು ತುಂಬಿಬಿಡುತ್ತಾರೆ. ನೋಡಲು ಅಚ್ಚುಕಟ್ಟು, ನೀರು ಮಾತ್ರ ಇಳಿಯುವುದಿಲ್ಲ. ‘ಮರಳು, ಜಲ್ಲಿಪುಡಿ ಎಲ್ಲಿಯೂ ಬಳಸಕೂಡದು’ ಎಂದು ಡ್ರಾಯಿಂಗ್ ಮೇಲೇ ದೊಡ್ಡದಾಗಿ ಬರೆಯಿರಿ. ನಿರ್ದಿಷ್ಟ ವಿವರಣೆ ಪುಸ್ತಕದ ನಡುವೆ ಬರೆದದ್ದನ್ನು ಸೈಟಿನಲ್ಲಿ ಯಾರೂ ಓದುವುದಿಲ್ಲ. ಲೋಡ್ ಬಂದಾಗ ಒಂದು ಬೊಗಸೆ ಜಲ್ಲಿ ಗಾಜಿನ ಲೋಟಕ್ಕೆ ಹಾಕಿ ನೀರು ಸುರಿದು ಅಲ್ಲಾಡಿಸಿ. ನೀರು ಕೆಸರಾದರೆ ಲಾರಿ ವಾಪಸ್.

ಸಿವಿಲ್ ಎಂಜಿನಿಯರ್ (ಮಳೆನೀರು ವಿನ್ಯಾಸ)
ದಪ್ಪದ ಲೆಕ್ಕ ಕಷ್ಟವೇನಲ್ಲ. ಒಂದೇ ಅಳತೆಯ ಒಡೆದ ಜಲ್ಲಿಯಲ್ಲಿ ಸುಮಾರು 40% ಖಾಲಿ ಜಾಗ. ಅಂದರೆ 300 ಮಿ.ಮೀ. ಜಲ್ಲಿ 120 ಮಿ.ಮೀ. ನೀರು ಹಿಡಿಯುತ್ತದೆ. ನಿಮ್ಮ ಅಂಗಳದಷ್ಟೇ ವಿಸ್ತೀರ್ಣದ ಚಾವಣಿ ನೀರು ಬಂದು ಸೇರುವುದಾದರೆ 60 ಮಿ.ಮೀ. ಮಳೆಗೇ ಆ ತೊಟ್ಟಿ ತುಂಬಿತು. ಮಳೆ ಬೀಳುತ್ತಿರುವಾಗಲೇ ಒಂದಿಷ್ಟು ಇಂಗಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯದೆ ಸುರಕ್ಷತೆಗೆಂದು ಬಿಡುತ್ತೇನೆ.

ತುಂಬುವುದು ಅರ್ಧ ಕಥೆ. ಖಾಲಿಯಾಗುವುದನ್ನು ಬಹಳ ಜನ ನೋಡುವುದೇ ಇಲ್ಲ. ಕೆಳಗಿನ ಮಣ್ಣು ಗಂಟೆಗೆ 5 ಮಿ.ಮೀ. ಕುಡಿದರೆ ಆ 120 ಮಿ.ಮೀ. ಇಂಗಲು 24 ಗಂಟೆ. ಗಂಟೆಗೆ 2 ಮಿ.ಮೀ. ಆದರೆ 60 ಗಂಟೆ, ಅಷ್ಟರಲ್ಲಿ ಮರುದಿನದ ಮಳೆ ಬಂದಿರುತ್ತದೆ. 48ರಿಂದ 72 ಗಂಟೆಯೊಳಗೆ ಖಾಲಿಯಾಗಬೇಕು ಎಂಬುದು ಸಾಮಾನ್ಯ ಮಿತಿ. ಆಗದಿದ್ದರೆ ತೂತಿನ ಪೈಪ್ ಹಾಕಿ, ಆದರೆ ಅದರ ಹೊರದಾರಿಯನ್ನು ತಳದಿಂದ ಮೇಲಕ್ಕೆ ಎತ್ತಿಡಿ. ತಳದಲ್ಲೇ ಇಟ್ಟರೆ ಎಲ್ಲ ನೀರೂ ಪೈಪು ಹಿಡಿದು ಹೊರಟುಹೋಗುತ್ತದೆ, ಇಂಗುವುದಕ್ಕೆ ಏನೂ ಉಳಿಯುವುದಿಲ್ಲ. ಒಂದು ಮೂಲೆಯಲ್ಲಿ 100 ಮಿ.ಮೀ.ನ ತೂತಿನ ಪೈಪನ್ನು ನೆಟ್ಟಗೆ ನಿಲ್ಲಿಸಿ ಮುಚ್ಚಳ ಹಾಕಿ. ಮಳೆಯ ಮರುದಿನ ಕೋಲು ಇಳಿಸಿ ನೋಡಿದರೆ ತೊಟ್ಟಿಯ ಹಾಲು-ನೀರು ಗೊತ್ತಾಗುತ್ತದೆ.

ಚಾವಣಿ ನೀರನ್ನು ಪೇವರ್ ಮೇಲೆ ಸುರಿಸಬೇಡಿ. ಎಲೆ, ಹೂಳು ತಡೆಯುವ ಗುಂಡಿಯೊಂದನ್ನು ದಾಟಿಸಿ ನೇರ ಜಲ್ಲಿಗೆ ಬಿಡಿ.

ಮಣ್ಣು ಪರೀಕ್ಷಕ
ಮೇಲಿನ 5, 2 ಎಂಬ ಅಂಕಿ ಎಲ್ಲಿಂದ ಬರುತ್ತದೆ? ಗುಂಡಿ ತೋಡಿ, ಪೇವಿಂಗ್‌ನ ತಳ ಬರುವ ಆಳದಲ್ಲೇ ಪರೀಕ್ಷೆ ಮಾಡಿಸಿ. ಮೇಲ್ಮಣ್ಣಿನಲ್ಲಿ ಮಾಡಿದ್ದು ಪ್ರಯೋಜನಕ್ಕಿಲ್ಲ. ಇನ್ನೊಂದು, ತಳವನ್ನು ರೋಲರ್ ಹಾಕಿ ಕಲ್ಲು ಮಾಡಬೇಡಿ. ರಸ್ತೆ ಕೆಲಸದವರ ಅಭ್ಯಾಸ ಅದು. ಜೆಸಿಬಿ ಅಂಚಿನಲ್ಲಿ ನಿಂತು ಹಿಂದೆ ಸರಿಯುತ್ತಾ ಅಗೆಯಲಿ, ಗುಂಡಿಯೊಳಗೆ ಓಡಾಡುವುದು ಬೇಡ. ಮೆತ್ತನೆ ಮಣ್ಣು ಬಿಟ್ಟರೆ ಭಾರ ತಡೆಯುತ್ತದಾ ಅಂದರೆ, ಅದನ್ನು ಜಲ್ಲಿಯ ದಪ್ಪ ಹೆಚ್ಚಿಸಿ ಸರಿದೂಗಿಸಬೇಕು. ಒದ್ದೆಯಾದರೆ ಉಬ್ಬುವ ಕಪ್ಪು ಜೇಡಿಯಾದರೆ ಇಂಗಿಸುವ ಯೋಚನೆಯನ್ನೇ ಬಿಡಿ: ತಳಕ್ಕೆ ಶೀಟ್ ಹಾಸಿ, ನೀರು ಹಿಡಿದಿಟ್ಟು ನಿಧಾನ ಹೊರಬಿಡಿ. ಜಲ್ಲಿಯ ತೊಟ್ಟಿ ಕಟ್ಟಡದ ತಳಪಾಯದಿಂದ 3 ಮೀಟರ್ ದೂರ ಇರಲಿ. ಅಷ್ಟು ಜಾಗವಿಲ್ಲದಿದ್ದರೆ ಗೋಡೆ ಕಡೆಯ ಬದಿಗೆ ನೀರು ದಾಟದ ಹಾಳೆ.

ಸ್ಟ್ರಕ್ಚರಲ್ ಎಂಜಿನಿಯರ್
ಗೋಡೆಯ ವಿಚಾರಕ್ಕೆ ಬರುತ್ತೇನೆ, ಎಲ್ಲರೂ ನೆಲದಲ್ಲೇ ಇದ್ದೀರಿ.

ಬ್ಲಾಕ್ ಯಾವುದು ಎಂದು ಕೇಳುವ ಮೊದಲು ಗಾರೆ ಎಷ್ಟು ಗಟ್ಟಿ ಎಂದು ಕೇಳಿ. ಗಾರೆ ಇಟ್ಟಿಗೆಗಿಂತ ಮೆತ್ತಗಿರಬೇಕು. ಗೋಡೆ ಸ್ವಲ್ಪ ಅಲುಗಿದಾಗ ಬಿರುಕು ಸಂದಿನಲ್ಲಿ ಬಂದರೆ ಕೆರೆದು ಮತ್ತೆ ತುಂಬಬಹುದು, ಇಟ್ಟಿಗೆಯೇ ಸೀಳಿದರೆ ಏನು ಮಾಡುತ್ತೀರಿ? ಆದರೂ ‘ಗಟ್ಟಿ ಇರಲಿ’ ಅಂತ ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳಿನ ಗಾರೆ ಬರೆಯುವವರು ಇದ್ದಾರೆ. ಎರಡು ಅಂತಸ್ತಿಗೆ ಸಿಮೆಂಟ್, ಸುಣ್ಣ, ಮರಳು 1:1:6 ಬಹುತೇಕ ಕಡೆ ಸಾಕು, ಭಾರ ಕಡಿಮೆಯಿರುವಲ್ಲಿ 1:2:9. ಲೆಕ್ಕ ಹಾಕಿಯೇ ತೀರ್ಮಾನಿಸಿ, ಆದರೆ ಲೆಕ್ಕ ಹಾಕಿದರೆ ಸಿಮೆಂಟ್ ಇಳಿಯುವುದೇ ಹೆಚ್ಚು.

ಸುಣ್ಣ ಅಂದ ಮಾತ್ರಕ್ಕೆ ಇಂಗಾಲ ಇಲ್ಲ ಅಂದುಕೊಳ್ಳಬೇಡಿ. 100 ಕೆಜಿ ಶುದ್ಧ ಸುಣ್ಣಕಲ್ಲು ಸುಟ್ಟರೆ 56 ಕೆಜಿ ಸುಣ್ಣ ಉಳಿದು 44 ಕೆಜಿ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಉರುವಲಿನ ಹೊಗೆ ಬೇರೆ. ಸಿಮೆಂಟಿನ ಕ್ಲಿಂಕರ್‌ಗೆ (ಪುಡಿ ಮಾಡಿದರೆ ಸಿಮೆಂಟ್ ಆಗುವ ಸುಟ್ಟ ಉಂಡೆಗೆ) 1450 ಡಿಗ್ರಿ ಬೇಕು, ಸುಣ್ಣಕ್ಕೆ 900ರ ಆಸುಪಾಸು ಸಾಕು, ಮತ್ತೆ ಗಾಳಿಯಲ್ಲಿ ಗಟ್ಟಿಯಾಗುವಾಗ ಬಿಟ್ಟದ್ದರಲ್ಲಿ ಒಂದು ಪಾಲನ್ನು ನಿಧಾನವಾಗಿ ವಾಪಸ್ ಹೀರಿಕೊಳ್ಳುತ್ತದೆ. ಇದೆಲ್ಲ ಸರಿ. ನನ್ನ ಮಟ್ಟಿಗೆ ದೊಡ್ಡ ಲಾಭ ಬೇರೆ: ಸುಣ್ಣದ ಗಾರೆಯ ಗೋಡೆ ಕೆಡವಿದಾಗ ಇಟ್ಟಿಗೆ ಇಡಿಯಾಗಿ ಬಿಡುತ್ತದೆ, ಕೆರೆದು ಮತ್ತೆ ಕಟ್ಟಬಹುದು. ಗಟ್ಟಿ ಸಿಮೆಂಟ್ ಗಾರೆಯದು ನೇರ ರಬ್ಬಲ್ ರಾಶಿಗೆ. ಸಿಮೆಂಟ್ ಬೇಕೇ ಬೇಕಾದಲ್ಲಿ ಎಲ್‌ಸಿ3 ಸಿಕ್ಕರೆ ನೋಡಿ. ಅದರಲ್ಲಿ ಕ್ಲಿಂಕರ್ ಅರ್ಧದಷ್ಟು, ಉಳಿದದ್ದು ಸುಟ್ಟ ಜೇಡಿಮಣ್ಣು, ಸುಣ್ಣಕಲ್ಲಿನ ಪುಡಿ, ಸ್ವಲ್ಪ ಜಿಪ್ಸಮ್.

ಸುಟ್ಟ ಇಟ್ಟಿಗೆಯೋ ಮಣ್ಣಿನ ಬ್ಲಾಕೋ? ಎರಡೂ ಆಗುತ್ತದೆ, ಒಂದೇ ಗೋಡೆಯಲ್ಲಿ ಬೆರೆಸಬೇಡಿ. ಸುಟ್ಟ ಇಟ್ಟಿಗೆ ಗೂಡಿನಿಂದ ಹೊರಬಂದ ಮೇಲೆ ಗಾಳಿಯ ತೇವ ಹೀರಿ ವರ್ಷಗಟ್ಟಲೆ ಕೂದಲೆಳೆಯಷ್ಟು ಹಿಗ್ಗುತ್ತಾ ಹೋಗುತ್ತದೆ. ಸಿಮೆಂಟ್ ಸೇರಿಸಿದ ಮಣ್ಣಿನ ಬ್ಲಾಕ್ ಒಣಗುತ್ತಾ ಕುಗ್ಗುತ್ತದೆ. ಒಂದು ಹಿಗ್ಗಿ ಒಂದು ಕುಗ್ಗಿದರೆ ಸೇರುವ ಜಾಗದಲ್ಲಿ ಬಿರುಕು ಖಾಯಂ, ಎಷ್ಟು ಸಲ ಪುಟ್ಟಿ ಬಳಿದರೂ ಅಷ್ಟೆ. ಬೆರೆಸಲೇಬೇಕಾದರೆ ನಡುವೆ ಚಲನೆಯ ಸಂದು ಬಿಡಿ.

ಮಣ್ಣಿನ ಬ್ಲಾಕಿಗೆ ಸಾಮಾನ್ಯವಾಗಿ 5ರಿಂದ 10% ಸಿಮೆಂಟ್ ಹಾಕುತ್ತಾರೆ. ಮಣ್ಣು ಸರಿಯಿಲ್ಲದಿದ್ದರೆ ಜನ ಸಿಮೆಂಟ್ ಏರಿಸುತ್ತಾರೆ, ಆಗ ಮಣ್ಣಿನ ಬ್ಲಾಕ್ ಅನ್ನುವುದಕ್ಕೇ ಅರ್ಥವಿಲ್ಲ. ಮಣ್ಣಿಗೆ ಮರಳು ಸೇರಿಸಿ ಹದ ಮಾಡಿ. ಉಬ್ಬುವ ಜೇಡಿಗೆ ಸಿಮೆಂಟಿಗಿಂತ ಸುಣ್ಣ ಒಗ್ಗುತ್ತದೆ. ಪರೀಕ್ಷಾ ವರದಿ ತರಿಸಿದಾಗ ನೆನೆಸಿದ ಬ್ಲಾಕಿನ ಬಲ ಎಷ್ಟು ಎಂದು ಕೇಳಿ. ಒಣಗಿದ್ದರ ಅಂಕಿ ಚಂದ ಕಾಣುತ್ತದೆ, ಒದ್ದೆಯಾದಾಗ ಅದರ ಅರ್ಧಕ್ಕೂ ಇಳಿಯಬಹುದು.

ಸುಟ್ಟ ಇಟ್ಟಿಗೆಯೇ ಆದರೆ ಕಡಿಮೆ ಖರ್ಚಿನ ಕಟ್ಟಡಗಳ ವಾಸ್ತುಶಿಲ್ಪಿ ಲಾರಿ ಬೇಕರ್ ಬಳಕೆಗೆ ತಂದು ಹೆಸರುವಾಸಿ ಮಾಡಿದ ರ‍್ಯಾಟ್ ಟ್ರ್ಯಾಪ್ ಬಾಂಡ್ ನೋಡಿ. ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಒಳಗೆ ಟೊಳ್ಳು ಬಿಟ್ಟು ಕಟ್ಟುವುದು. ಸುಮಾರು ಕಾಲುಭಾಗ ಇಟ್ಟಿಗೆ ಉಳಿಯುತ್ತದೆ, ಟೊಳ್ಳಿನಿಂದ ಬಿಸಿಲಿನ ತಾಪವೂ ಕಡಿಮೆ. ತೊಲೆ ಕೂರುವ ಜಾಗ, ಮೂಲೆ, ಕಿಟಕಿ ಬಾಗಿಲಿನ ಪಕ್ಕ, ಕಿಟಕಿ ಮಟ್ಟದ ಮತ್ತು ಲಿಂಟೆಲ್ ಮಟ್ಟದ ವರಸೆ ಘನವಾಗಿರಲಿ. ವೈರಿಂಗ್ ಪೈಪ್ ಎಲ್ಲಿ ಹೋಗುತ್ತದೆ ಎಂದು ಕಟ್ಟುವ ಮೊದಲೇ ಗುರುತು ಹಾಕಿಕೊಡಿ, ಆಮೇಲೆ ಕೊರೆಯಲು ಬಿಟ್ಟರೆ ಗೋಡೆ ಉಳಿಯುವುದಿಲ್ಲ.

ಮೇಸ್ತ್ರಿ
ದೊಡ್ಡ ಎಂಜಿನಿಯರ್ ಸಾಹೇಬ್ರು ಎಲ್ಲ ಹೇಳಿದ್ರು. ನಂದೊಂದು ಮಾತು. ಇಟ್ಟಿಗೆ ನೆನೆಸೋದು ಬಿಟ್ಟರೆ ಯಾವ ಗಾರೆ ಹಾಕಿದ್ರೂ ಒಂದೇ. ಒಣ ಇಟ್ಟಿಗೆ ಗಾರೆ ನೀರೆಲ್ಲ ಎಳ್ಕೊಂಡು ಸಂದು ಪುಡಿಪುಡಿ ಆಗುತ್ತೆ. ಪರೀಕ್ಷೆ ಸುಲಭ: ಇಟ್ಟಿಗೆ ಮೇಲೆ ಒಂದಿಂಚಿನ ವೃತ್ತ ಬರೆದು ಅದರೊಳಗೆ 20 ಹನಿ ನೀರು ಬಿಡಿ. ಒಂದೂವರೆ ನಿಮಿಷದೊಳಗೆ ಹೀರಿಕೊಂಡ್ರೆ ನೆನೆಸಬೇಕು. ನೆನೆಸಿ ಮೇಲಿನ ನೀರು ಆರಿದ ಮೇಲೆ ಕಟ್ಟಬೇಕು, ಹನಿ ತೊಟ್ಟಿಕ್ಕುವಾಗ ಕಟ್ಟಿದ್ರೆ ಜಾರುತ್ತೆ. ಮಣ್ಣಿನ ಬ್ಲಾಕ್ ತೊಟ್ಟಿಲಿ ಮುಳುಗಿಸಬಾರ್ದು, ಮೇಲೆ ನೀರು ಚಿಮುಕಿಸಿದ್ರೆ ಸಾಕು. ಸುಣ್ಣ ಸೇರಿದ ಗಾರೆ ಕರಣೆಗೆ ಬೆಣ್ಣೆ ಥರ ಬರುತ್ತೆ, ಹುಡುಗ್ರು ಒಂದು ದಿನ ಗೊಣಗ್ತಾರೆ, ಆಮೇಲೆ ಅವರೇ ಕೇಳ್ತಾರೆ. ಆದ್ರೆ ಬಿಸಿಲಿಗೆ ಬೇಗ ಒಣಗೋಕೆ ಬಿಡಬಾರ್ದು, ಗೋಣಿತಾಟು ಒದ್ದೆ ಮಾಡಿ ಇಳಿಬಿಡಿ.

ಆರ್ಕಿಟೆಕ್ಟ್
ಎಲ್ಲರಿಗೂ ಧನ್ಯವಾದ, ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಇನ್ನೆರಡು ಅನುಮಾನ. ತಳಕ್ಕೆ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ) ಬಟ್ಟೆ ಹಾಸಬೇಕೇ? ಅಂಗಳ ಗೇಟಿನ ಕಡೆಗೆ ಇಳಿಜಾರಾಗಿದೆ, ಅದಕ್ಕೇನು ಮಾಡುವುದು?

ಪೇವಿಂಗ್ ಗುತ್ತಿಗೆದಾರ
ಬದಿಗಳಿಗೆ ಹಾಸಿ, ಸುತ್ತಲಿನ ಮಣ್ಣು ಜಲ್ಲಿಯೊಳಗೆ ನುಸುಳದಿರಲು. ತಳಕ್ಕೆ ಬೇಡ ಅನ್ನುತ್ತೇನೆ. ಹೂಳು ಇಳಿದು ಬಟ್ಟೆಯ ಮೇಲೆ ಕೂತರೆ ಅದನ್ನು ತೆಗೆಯಲು ಇಡೀ ಅಂಗಳ ಕೀಳಬೇಕು.

ಮಣ್ಣು ಪರೀಕ್ಷಕ
ಇದನ್ನು ಪೂರ್ತಿ ಒಪ್ಪಲಾರೆ. ಮರಳು ಮಣ್ಣಿಗೆ ನಿಮ್ಮ ಮಾತು ಸರಿ. ನುಣುಪು ಮಣ್ಣು ಒದ್ದೆಯಾದಾಗ ದಪ್ಪ ಜಲ್ಲಿ ಅದರೊಳಗೆ ಇಳಿಯುತ್ತದೆ, ಮಣ್ಣು ಜಲ್ಲಿಯೊಳಗೆ ಏರುತ್ತದೆ, ಮೇಲೆ ಚಕ್ರದ ಜಾಡು ಬೀಳುತ್ತದೆ. ಅಲ್ಲಿ ಬಟ್ಟೆ ಬೇಕು, ಇಲ್ಲವೇ ನಡುವೆ ಸಣ್ಣ ಜಲ್ಲಿಯ ಒಂದು ಪದರ. ಬಟ್ಟೆ ಬೇಡ ಅನ್ನುವವರು ಆ ಪದರವನ್ನಾದರೂ ಕೊಡಲಿ.

ಸಿವಿಲ್ ಎಂಜಿನಿಯರ್ (ಮಳೆನೀರು ವಿನ್ಯಾಸ)
ಇಳಿಜಾರಿನ ಬಗ್ಗೆ: ಮೇಲ್ಮೈ ಇಳಿಜಾರಾಗಿದ್ದರೂ ತಳ ಮಟ್ಟಸವಾಗಿರಲಿ, ಮೆಟ್ಟಿಲು ಮೆಟ್ಟಿಲಾಗಿ ಕಡಿದು ಪ್ರತಿ ಮೆಟ್ಟಿಲಿಗೂ ಅಡ್ಡಗೋಡೆ ಕೊಡಿ. ತಳವೂ ಇಳಿಜಾರಾದರೆ ನೀರೆಲ್ಲ ಗೇಟಿನ ಬಳಿ ಸೇರಿ ಅಲ್ಲೇ ಪೇವರ್ ಸಂದಿನಿಂದ ಉಕ್ಕುತ್ತದೆ, ಮೇಲಿನ ಅರ್ಧ ಜಲ್ಲಿ ಒಣಗಿಯೇ ಇರುತ್ತದೆ. ಇಂಥದ್ದೊಂದು ಅಂಗಳವನ್ನು ಸರಿಪಡಿಸಲು ಕರೆದಿದ್ದರು. ಅಲ್ಲಿ ತೊಟ್ಟಿಯ ಲೆಕ್ಕ ಸರಿಯಾಗಿಯೇ ಇತ್ತು, ಅಡ್ಡಗೋಡೆ ಮಾತ್ರ ಡ್ರಾಯಿಂಗಿನಲ್ಲೇ ಇರಲಿಲ್ಲ.

ಕಟ್ಟಡ ನಿರ್ವಹಣೆ ನೋಡಿಕೊಳ್ಳುವವರು
ಕಟ್ಟಿದ ಮೇಲೆ ಅನುಭವಿಸುವವರು ನಾವು, ಹಾಗಾಗಿ ಸ್ವಲ್ಪ ಕೇಳಿ. ಕಟ್ಟಿಕೊಂಡಿದೆಯೋ ಇಲ್ಲವೋ ಎಂದು ಕಣ್ಣಂದಾಜಿನಲ್ಲಿ ಹೇಳಲಾಗದು. 300 ಮಿ.ಮೀ. ಅಗಲದ ಬಳೆಯೊಂದನ್ನು ಪೇವರ್ ಮೇಲಿಟ್ಟು ಸುತ್ತ ಪುಟ್ಟಿ ಮೆತ್ತುತ್ತೇವೆ. ಒಳಗೋಡೆಯಲ್ಲಿ 10 ಮತ್ತು 15 ಮಿ.ಮೀ. ಎತ್ತರಕ್ಕೆ ಎರಡು ಗೆರೆ. ನೀರಿನ ಮಟ್ಟ ಆ ಎರಡು ಗೆರೆಗಳ ನಡುವೆ ನಿಲ್ಲುವಂತೆ ಸುರಿಯಬೇಕು. ಮೊದಲು 3.6 ಕೆಜಿ ನೀರು, ನೆಲ ನೆನೆಯಲಿ ಎಂದು. ಅದು 30 ಸೆಕೆಂಡಿನೊಳಗೆ ಇಳಿದರೆ ಅಸಲಿ ಪರೀಕ್ಷೆಗೆ 18 ಕೆಜಿ, ಇಲ್ಲದಿದ್ದರೆ ಮತ್ತೆ 3.6. ಪೇವರ್‌ಗೆ ಎಎಸ್‌ಟಿಎಂ ಸಿ1781, ನೀರಿಂಗುವ ಕಾಂಕ್ರೀಟಿಗೆ ಸಿ1701 ಎಂಬುದು ಈ ಪರೀಕ್ಷೆಯ ಅಮೆರಿಕದ ಮಾನಕ. 18 ಕೆಜಿ ಅಂದರೆ ಆ ಬಳೆಯೊಳಗೆ ಸುಮಾರು 255 ಮಿ.ಮೀ. ಎತ್ತರದ ನೀರು. ಒಂದು ನಿಮಿಷದಲ್ಲಿ ಇಳಿದರೆ ಗಂಟೆಗೆ 15,000 ಮಿ.ಮೀ. ಲೆಕ್ಕ, ಹೊಸದರಲ್ಲಿ ಇಂಥ ಅಂಕಿ ಬಂದರೆ ಗಾಬರಿಯಾಗಬೇಡಿ. ಗಂಟೆಗೆ 250ಕ್ಕೆ ಇಳಿದರೆ, ಅಂದರೆ 3.6 ಕೆಜಿ ಇಳಿಯಲು 12 ನಿಮಿಷ ಹಿಡಿದರೆ, ವ್ಯಾಕ್ಯೂಮ್ ಯಂತ್ರ ಕರೆಸುವ ಹೊತ್ತಾಯಿತು.

ಹೀರಿದ ಮೇಲೆ ಸಂದಿನ ಚಿಪ್ಸ್ ಕೂಡ ಸ್ವಲ್ಪ ಹೋಗಿರುತ್ತದೆ, ಅದನ್ನು ತುಂಬಲು ಅದೇ ಅಳತೆಯ ಚಿಪ್ಸ್ ಒಂದಿಷ್ಟು ಮೂಟೆ ಹಸ್ತಾಂತರದ ದಿನವೇ ಕೊಟ್ಟುಹೋಗಲು ಗುತ್ತಿಗೆದಾರರಿಗೆ ಹೇಳಿ. ಇಲ್ಲದಿದ್ದರೆ ಯಾರೋ ಮರಳು ತಂದು ಗುಡಿಸುತ್ತಾರೆ. ಹೂವಿನ ಪಾತಿಯ ಮಣ್ಣು ಕರ್ಬ್‌ಗಿಂತ ಕೆಳಗಿರಲಿ. ಪಾತಿ ಎತ್ತರವಿದ್ದರೆ ಪ್ರತಿ ಮಳೆಗೂ ಕೆಂಪು ಕೆಸರು ಪೇವರ್ ಮೇಲೆ.

ಸ್ಟ್ರಕ್ಚರಲ್ ಎಂಜಿನಿಯರ್
ಈ ಮಾತಿನಿಂದ ನೆನಪಾಯಿತು, ನಿಮ್ಮ ಎರಡು ಪ್ರಶ್ನೆಗೂ ನಂಟಿರುವುದು ಇಲ್ಲೇ. ಗೋಡೆ ಕೆಲಸ, ಗಾರೆ ಕೆಲಸ, ತೋಟದ ಕೆಲಸ ಎಲ್ಲ ಮುಗಿದ ಮೇಲೆ ಪೇವಿಂಗ್. ಅಂಗಳ ಬೇಗ ಚೆನ್ನಾಗಿ ಕಾಣಲಿ ಎಂದು ಮೊದಲೇ ಹಾಸಿದ ಕಡೆ, ಪ್ಲಾಸ್ಟರಿಂಗ್‌ನವರು ಅದರ ಮೇಲೇ ಗಾರೆ ಕಲಸಿ ಸಂಜೆ ಬಾಂಡ್ಲಿ ತೊಳೆದ ನೀರನ್ನೂ ಅಲ್ಲೇ ಚೆಲ್ಲಿದ್ದರು. ಸಂದಿನೊಳಗೆ ಸಿಮೆಂಟ್ ಹಾಲು ಇಳಿದು ಕಲ್ಲಾದರೆ ಯಾವ ವ್ಯಾಕ್ಯೂಮ್ ಯಂತ್ರವೂ ಅದನ್ನು ಎಳೆಯುವುದಿಲ್ಲ. ಹಸ್ತಾಂತರಕ್ಕೆ ಮೊದಲು ಆ ಬಳೆ ಪರೀಕ್ಷೆ ಪಾಸಾದ ಮೇಲೇ ಕೊನೆಯ ಬಿಲ್ ಎಂದು ಕರಾರಿನಲ್ಲಿ ಸೇರಿಸಿ. ಪೇವಿಂಗ್ ಮಟ್ಟ ಗೋಡೆಯ ತೇವತಡೆ ಪದರಕ್ಕಿಂತ 150 ಮಿ.ಮೀ. ಕೆಳಗೆ ಬರುವಂತೆ ಈಗಲೇ ಮಟ್ಟ ಗುರುತಿಸಿಕೊಳ್ಳಿ, ಆಮೇಲೆ ಜಲ್ಲಿ ಏರಿತು ಅಂತ ಅಂಗಳ ಎತ್ತರಿಸಿದರೆ ಗೋಡೆ ತೇವ ಹಿಡಿಯುತ್ತದೆ.

ಆರ್ಕಿಟೆಕ್ಟ್
ಅಡ್ಡಗೋಡೆ, ಮಟ್ಟ, ಮರಳಿನ ಟಿಪ್ಪಣಿ ಮೂರನ್ನೂ ಇವತ್ತೇ ಡ್ರಾಯಿಂಗಿಗೆ ಸೇರಿಸುತ್ತೇನೆ. ಮಣ್ಣಿನ ವರದಿ ಬರುವವರೆಗೆ ಬಟ್ಟೆಯ ತೀರ್ಮಾನ ಬಾಕಿ. ಕೊನೆಯದೊಂದು: ಸಂದಿನಲ್ಲಿ ಹುಲ್ಲು ಬೆಳೆದರೆ ತೊಂದರೆಯೇ? ಮಾಲೀಕರಿಗೆ ಅದು ಚಂದ ಕಾಣುತ್ತದಂತೆ.

ಕಟ್ಟಡ ನಿರ್ವಹಣೆ ನೋಡಿಕೊಳ್ಳುವವರು
ಬರೀ ಚಿಪ್ಸ್‌ನಲ್ಲಿ ಹುಲ್ಲು ಅಷ್ಟು ಸುಲಭಕ್ಕೆ ಬೇರೂರುವುದಿಲ್ಲ ಮೇಡಂ. ಬಂತು ಅಂದರೆ ಅಲ್ಲಿ ಮಣ್ಣು ಸೇರಿದೆ ಎಂದರ್ಥ. ಎಳೆಯದಿದ್ದಾಗಲೇ ಕೀಳಿಸಿ, ಆ ಜಾಗದಲ್ಲಿ ಬಳೆ ಇಟ್ಟು ನೋಡಿ. ಹುಲ್ಲೇ ಬೇಕು ಅಂದರೆ ದಿನವಿಡೀ ಕಾರು ನಿಲ್ಲದ ಅಂಚಿನಲ್ಲಿ ಹುಲ್ಲುಹಾಸಿನ ಜಾಲರಿ ಪೇವರ್ ಹಾಕಿಸಿ. ಕಾರಿನ ಕೆಳಗೆ ಬಿಸಿಲಿಲ್ಲದೆ ಹುಲ್ಲು ಹೇಗೂ ಒಣಗುತ್ತದೆ.