ರಾಗಿ ಬೆಂಬಲ ಬೆಲೆಗೆ ಕೊಡೋಕೆ ಮುಂಚೆ ಏನೇನು ನೋಡ್ಕೋಬೇಕು?

ಪ್ರಶ್ನೆ: ಗುಬ್ಬಿ ತಾಲ್ಲೂಕು, ಎರಡು ಎಕರೆ ರಾಗಿ. ಪಹಣಿ ಅಪ್ಪ, ಚಿಕ್ಕಪ್ಪ ಇಬ್ಬರ ಹೆಸರಲ್ಲೂ ಇದೆ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲ್‌ಗೆ 4,886 ರೂಪಾಯಿ, ಮನೆ ಹತ್ರ ಬರೋ ವ್ಯಾಪಾರಿ ಅಷ್ಟು ಕೊಡಲ್ಲ. ಮೊದಲ ಸಲ ಖರೀದಿ ಕೇಂದ್ರಕ್ಕೆ ಹಾಕ್ಬೇಕು. ಎಲ್ಲೆಲ್ಲಿ ತೊಡಕಾಗುತ್ತೆ?

ಶಿರಾ ಕಡೆಯಿಂದ: ತೊಡಕು ರಾಗಿಯಲ್ಲಿ ಕಮ್ಮಿ, ದಾಖಲೆಯಲ್ಲೇ ಜಾಸ್ತಿ. ಕೇಂದ್ರದಲ್ಲಿ ನಿಮ್ಮ ಹೊಲ ಯಾರೂ ನೋಡಲ್ಲ, ಫ್ರೂಟ್ಸ್ (ಸರ್ಕಾರದ ರೈತರ ನೋಂದಣಿ) ನಂಬರ್ ಹಾಕಿದಾಗ ಬೆಳೆ ಸಮೀಕ್ಷೆಯ ಮಾಹಿತಿ ಬರುತ್ತೆ, ಅದರ ಮೇಲೇ ಎಷ್ಟು ಚೀಲ ಅಂತ ತೀರ್ಮಾನ. ಹಾಗಾಗಿ ಕಟಾವಿಗೆ ಮೊದಲೇ ‘ಬೆಳೆ ದರ್ಶಕ’ ಆ್ಯಪ್‌ನಲ್ಲಿ ಸರ್ವೆ ನಂಬರ್ ಹಾಕಿ ನೋಡಿ. ರಾಗಿ ಬದಲು ಬೇರೆ ಬೆಳೆ ಇದ್ರೆ ಅಥವಾ ‘ಪಾಳು’ ಅಂತಿದ್ರೆ ಗಡುವಿನೊಳಗೆ ಆಕ್ಷೇಪಣೆ ಹಾಕಿ. ಪೈರು ಕೊಯ್ದು ಮೆದೆ ಹಾಕಿದ ಮೇಲೆ ತೋರಿಸೋಕೆ ಹೊಲದಲ್ಲಿ ಏನೂ ಇರಲ್ಲ.

ಅಕ್ಕಡಿ ಸಾಲಲ್ಲಿ ಅವರೆ, ತೊಗರಿ, ಜೋಳ ಹಾಕಿದ್ರೆ ಇನ್ನೂ ಹುಷಾರು. ಮಿಶ್ರ ಬೆಳೆ ಅಂತ ಬರೆದಾಗ ರಾಗಿಯ ವಿಸ್ತೀರ್ಣ ಗುಂಟೆಗಳಲ್ಲಿ ಕಡಿಮೆಯಾಗುತ್ತೆ. ಎಕರೆಗೆ 10 ಕ್ವಿಂಟಲ್ ಲೆಕ್ಕದಲ್ಲಿ 10 ಗುಂಟೆ ಹೋದ್ರೆ ಎರಡೂವರೆ ಕ್ವಿಂಟಲ್, ಅಂದ್ರೆ ಐದು ಚೀಲ ಹೋಯ್ತು. ಒಬ್ಬರಿಗೆ ಗರಿಷ್ಠ ಎಷ್ಟು ಅನ್ನೋದನ್ನ ಆಯಾ ವರ್ಷದ ಆದೇಶದಲ್ಲೇ ನೋಡಿ, ಬದಲಾಗ್ತಿರುತ್ತೆ.

ಕುಣಿಗಲ್ ಕಡೆಯಿಂದ: ಜಂಟಿ ಖಾತೆ ಅಂದ್ರಲ್ಲ, ಆ ಸರ್ವೆ ನಂಬರ್ ಅಪ್ಪನ ಫ್ರೂಟ್ಸ್‌ಗೂ ಚಿಕ್ಕಪ್ಪನ ಫ್ರೂಟ್ಸ್‌ಗೂ ಸೇರಿದೆಯಾ ನೋಡಿ. ಇಲ್ಲಾಂದ್ರೆ ರೈತ ಸಂಪರ್ಕ ಕೇಂದ್ರದಲ್ಲಿ ಪಹಣಿ, ಆಧಾರ್ ಕೊಟ್ಟು ಸೇರಿಸ್ಬೇಕು. ನೋಂದಣಿಗೆ ಹೆಬ್ಬೆಟ್ಟು ಒತ್ತೋಕೆ ಪಹಣಿದಾರರೇ ಹೋಗ್ಬೇಕು, ಮಗ ಹೋದ್ರೆ ಆಗಲ್ಲ. ವಯಸ್ಸಾದವರ ಬೆರಳಚ್ಚು ಸವೆದಿದ್ರೆ ಯಂತ್ರ ತಗೊಳಲ್ಲ, ಆಧಾರ್ ಕೇಂದ್ರದಲ್ಲಿ ಮೊದಲೇ ನವೀಕರಿಸಿಕೊಳ್ಳಿ. ಗುತ್ತಿಗೆಗೆ ಮಾಡೋರಿಗೆ ಈ ವ್ಯವಸ್ಥೆಯಲ್ಲಿ ಜಾಗವೇ ಇಲ್ಲ, ದುಡ್ಡು ಜಮೀನಿನವರ ಖಾತೆಗೇ ಹೋಗೋದು. ಇದು ನನಗೆ ಸರಿ ಕಾಣಲ್ಲ, ಆದ್ರೆ ಇರೋದು ಹೀಗೆ.

ಪಾವಗಡ ಕಡೆಯಿಂದ: ಮಾಲಿನ ವಿಷಯ. ತೇವಾಂಶ 12% ದಾಟಿದ್ರೆ ವಾಪಸ್. ಮಾಗಿ ಇಬ್ಬನಿಯಲ್ಲಿ ರಾತ್ರಿ ಕಣದಲ್ಲೇ ಬಿಟ್ರೆ ಹಗಲು ಒಣಗಿಸಿದ್ದು ವ್ಯರ್ಥ, ಸಂಜೆಗೇ ರಾಶಿ ಮಾಡಿ ಟಾರ್ಪಾಲ್ ಮುಚ್ಚಿ. ಟಾರು ರಸ್ತೆ ಮೇಲೆ ಒಕ್ಕಣೆ ಮಾಡಿದ ರಾಗಿಯಲ್ಲಿ ಸಣ್ಣ ಕಲ್ಲು ಸೇರಿರುತ್ತೆ, ತೂರಿದ್ರೂ ಹೋಗಲ್ಲ, ಜರಡಿ ಹಿಡೀಲೇಬೇಕು. ಲೋಡ್ ಮಾಡೋ ಮೊದಲು ಎರಡು ಕೆಜಿ ಮಾದರಿ ತಗೊಂಡು ಹೋಗಿ ಕೇಂದ್ರದ ಗ್ರೇಡರ್‌ಗೆ ತೋರಿಸಿ. ಟ್ರ್ಯಾಕ್ಟರ್ ಬಾಡಿಗೆ ಎರಡು ಸಲ ಕೊಡೋದು ತಪ್ಪುತ್ತೆ.

ತಿಪಟೂರು ಕಡೆಯಿಂದ: ತೂಕದ ಹತ್ರ ನಿಂತ್ಕೊಳ್ಳಿ. ಖಾಲಿ ಚೀಲದ ತೂಕ ಬಿಟ್ಟು 50 ಕೆಜಿ, ಅಷ್ಟೇ. ಚೀಲಕ್ಕೆ ಒಂದು ಕೆಜಿ ‘ಹೆಚ್ಚಿಗೆ ಇರ್ಲಿ’ ಅಂತ ಬಿಟ್ರೆ 40 ಚೀಲಕ್ಕೆ 40 ಕೆಜಿ, ಹತ್ತಿರ ಹತ್ತಿರ 1,950 ರೂಪಾಯಿ. ರಸೀದಿಯಲ್ಲಿ ಚೀಲದ ಸಂಖ್ಯೆ, ನಿವ್ವಳ ತೂಕ ಎರಡೂ ಇದೆಯಾ ನೋಡದೆ ಬರಬೇಡಿ.

ದುಡ್ಡು ಆಧಾರ್ ಜೋಡಣೆಯಾದ ಖಾತೆಗೆ ಬೀಳುತ್ತೆ, ನೀವು ಪಾಸ್‌ಬುಕ್ ತೋರಿಸಿದ ಖಾತೆಗೆ ಅಲ್ಲ. ಬ್ಯಾಂಕಲ್ಲಿ ‘ಎನ್‌ಪಿಸಿಐ ಮ್ಯಾಪಿಂಗ್ ಯಾವ ಖಾತೆಗಿದೆ’ ಅಂತ ಇದೇ ಮಾತಲ್ಲಿ ಕೇಳಿ, ಅಂದ್ರೆ ಆಧಾರ್ ಮೇಲೆ ಬರೋ ದುಡ್ಡು ಯಾವ ಖಾತೆಗೆ ಹೋಗುತ್ತೆ ಅಂತ. ‘ಆಧಾರ್ ಲಿಂಕ್ ಆಗಿದೆಯಾ’ ಅಂದ್ರೆ ಆಗಿದೆ ಅಂತ ಹೇಳಿ ಕಳಿಸಿಬಿಡ್ತಾರೆ.